ಎಲ್ಲ ಶುರುವಾಗುವುದು ಏರುಪೇರಿನಿಂದ

ಗಾಳಿ ಯಾಕೆ ಬೀಸುತ್ತದೆ? ಮಕ್ಕಳು ಕೇಳುವ ಪ್ರಶ್ನೆ ಇದು. ದೊಡ್ಡವರಲ್ಲಿ ಬಹಳಷ್ಟು ಜನ ಇದಕ್ಕೆ ತಡವರಿಸುತ್ತಾರೆ. ಅದೇ, ಜಗತ್ತಿನ ಅತಿ ದೊಡ್ಡ ಸಾಗರ ಯಾವುದು, ಅತಿ ಎತ್ತರದ ಶಿಖರ ಯಾವುದು ಅಂತ ಕೇಳಿ ನೋಡಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ಬರುತ್ತದೆ. ಶಾಲೆಯಲ್ಲಿ ಓದಿದ ಭೂಗೋಳದಲ್ಲಿ ನಮ್ಮ ಬಳಿ ಉಳಿದದ್ದು ಹೆಚ್ಚಾಗಿ ಹೆಸರುಗಳು. ನದಿಗಳ ಹೆಸರು, ಪರ್ವತಗಳ ಹೆಸರು, ಶಿಲೆಗಳ ಮೂರು ವಿಧ, ವಾಯುಗೋಳದ ಪದರಗಳು. ಇವೆಲ್ಲ ಹೇಗೆ ನಡೆಯುತ್ತವೆ ಅನ್ನುವುದು ಪುಟಗಳ ನಡುವೆ ಎಲ್ಲೋ ಜಾರಿಹೋಗಿದೆ.

ನಾನು ಪ್ರಾಕೃತಿಕ ಭೂಗೋಳವನ್ನು ಮೊದಲಿನಿಂದ ಓದಲು ಕೂತದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಪರೀಕ್ಷೆ ಇಲ್ಲ, ಕೆಲಸಕ್ಕೆ ಬೇಕಾದದ್ದೂ ಅಲ್ಲ. ಸುಮ್ನೆ ಕುತೂಹಲ. ಓದುತ್ತಾ ಹೋದಂತೆ ಒಂದು ಎಳೆ ಕೈಗೆ ಸಿಕ್ಕಿತು. ಎಲ್ಲಿ ಏರುಪೇರು ಇದೆಯೋ ಅಲ್ಲಿ ಓಡಾಟ ಇದೆ. ಬಿಸಿಯಲ್ಲಿ ಏರುಪೇರು, ಒತ್ತಡದಲ್ಲಿ ಏರುಪೇರು, ನೆಲದ ಎತ್ತರದಲ್ಲಿ, ಸಮುದ್ರದ ಉಪ್ಪಿನಲ್ಲಿ. ಅದು ಸಮವಾಗುವ ಕಡೆಗೆ ಗಾಳಿ ಹರಿಯುತ್ತದೆ, ನೀರು ಹರಿಯುತ್ತದೆ, ಕಲ್ಲು ಕೂಡ ಹರಿಯುತ್ತದೆ. ಆದರೆ ಲೆಕ್ಕ ಎಂದೂ ಚುಕ್ತಾ ಆಗುವುದಿಲ್ಲ. ಮೇಲಿನಿಂದ ಸೂರ್ಯನ ಬಿಸಿ, ಒಳಗಿನಿಂದ ಭೂಮಿಯದೇ ಬಿಸಿ, ಎರಡೂ ಸೇರಿ ಹೊಸ ಏರುಪೇರನ್ನು ಹುಟ್ಟಿಸುತ್ತಲೇ ಇರುತ್ತವೆ.

ಮೊದಲು ಸೂರ್ಯನ ಲೆಕ್ಕ ನೋಡೋಣ. ಭೂಮಿ ಗುಂಡಗಿದೆ. ಹಗಲು ರಾತ್ರಿ ಸಮ ಇರುವ ದಿನ ಸಮಭಾಜಕ ವೃತ್ತದ ಮೇಲೆ ಮಧ್ಯಾಹ್ನದ ಬಿಸಿಲು ನೆತ್ತಿಗೆ ನೇರವಾಗಿ ಬೀಳುತ್ತದೆ. ಅದೇ ಹೊತ್ತಿಗೆ 60 ಡಿಗ್ರಿ ಅಕ್ಷಾಂಶದಲ್ಲಿ ಅಷ್ಟೇ ಬಿಸಿಲು ಓರೆಯಾಗಿ ಬಿದ್ದು ಎರಡರಷ್ಟು ಜಾಗಕ್ಕೆ ಹರಡಿಕೊಳ್ಳುತ್ತದೆ. ಅಂದರೆ ಪ್ರತಿ ಚದರ ಮೀಟರಿಗೆ ಸಿಗುವುದು ಅರ್ಧ. ಇನ್ನೂ ಮೇಲೆ ಧ್ರುವದ ಕಡೆಗೆ ಹೋದರೆ ಇನ್ನೂ ಕಡಿಮೆ. ಇದರ ಜೊತೆಗೆ ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿಕೊಂಡಿದೆ. ಋತುಗಳು ಬರುವುದು ಈ ವಾಲಿಕೆಯಿಂದ. ಸೂರ್ಯ ಹತ್ತಿರ ಬಂದಾಗ ಬೇಸಿಗೆ ಅನ್ನುವುದು ಬಹಳ ಜನರ ನಂಬಿಕೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಜುಲೈ ಮೊದಲ ವಾರದಲ್ಲಿ ಅದು 15.2 ಕೋಟಿ ಕಿಲೋಮೀಟರ್ ಆಗುತ್ತದೆ. ಉತ್ತರ ಗೋಳಾರ್ಧಕ್ಕೆ ಚಳಿಗಾಲ ಬರುವುದೇ ಸೂರ್ಯ ಹತ್ತಿರ ಇರುವಾಗ. ಈ ಒಂದು ಸಂಗತಿ ತಲೆಗೆ ಹೋದರೆ ಅರ್ಧ ಪಾಠ ಮುಗಿದ ಹಾಗೆ.

ವರ್ಷದ ಲೆಕ್ಕ ಹಾಕಿದರೆ, ಸಮಭಾಜಕ ವೃತ್ತದ ಆಚೀಚಿನ ಅಗಲವಾದ ಪಟ್ಟಿ ತಾನು ಆಕಾಶಕ್ಕೆ ಬಿಡುವುದಕ್ಕಿಂತ ಜಾಸ್ತಿ ಶಾಖ ಪಡೆಯುತ್ತದೆ. ಧ್ರುವದ ಕಡೆಯ ನೆಲ ಪಡೆಯುವುದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತದೆ. ಹಾಗಾದರೆ ನಡುವಿನ ಪಟ್ಟಿ ವರ್ಷದಿಂದ ವರ್ಷಕ್ಕೆ ಕಾಯುತ್ತಲೇ ಹೋಗಬೇಕಿತ್ತು, ಧ್ರುವಗಳು ತಣ್ಣಗಾಗುತ್ತಲೇ ಹೋಗಬೇಕಿತ್ತು. ಹಾಗೆ ಆಗುತ್ತಿಲ್ಲ. ಯಾರೋ ಶಾಖವನ್ನು ಅಲ್ಲಿಂದ ಇಲ್ಲಿಗೆ ಹೊತ್ತು ಹಾಕುತ್ತಿರಬೇಕಲ್ವಾ? ಆ ಹೊರುವ ಕೆಲಸ ಮಾಡುವುದು ಗಾಳಿ ಮತ್ತು ಸಮುದ್ರ. ಹವಾಮಾನ ಅಂತ ನಾವು ಕರೆಯುವುದರ ಮುಕ್ಕಾಲು ಪಾಲು ಈ ಹೊರೆಯ ಕಥೆಯೇ.

ಗಾಳಿಗೆ ತೂಕ ಇದೆ. ಒಂದು ಚದರ ಮೀಟರ್ ನೆಲದ ಮೇಲೆ ಸಮುದ್ರಮಟ್ಟದಲ್ಲಿ ನಿಂತಿರುವ ಗಾಳಿಯ ಕಂಬ ಸುಮಾರು 10 ಟನ್ ತೂಗುತ್ತದೆ. ಬಿಸಿಯಾದ ಗಾಳಿ ಹಿಗ್ಗಿ ಹಗುರಾಗಿ ಮೇಲೇರುತ್ತದೆ. ಕೆಳಗೆ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಜಾಸ್ತಿ ಇರುವ ಕಡೆಯಿಂದ ಅಲ್ಲಿಗೆ ಗಾಳಿ ನುಗ್ಗುತ್ತದೆ. ಮಗುವಿನ ಪ್ರಶ್ನೆಗೆ ಉತ್ತರ ಇಷ್ಟೇ.

ಇಷ್ಟೇ ಅಂದೆ. ಆದರೆ ಈ ಇಷ್ಟನ್ನು ಇಡೀ ಭೂಗೋಳಕ್ಕೆ ಹಚ್ಚಿ ನೋಡಲು ಜಗತ್ತಿಗೆ ಬಹಳ ಕಾಲ ಬೇಕಾಯಿತು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1686ರಲ್ಲಿ ಸಮಭಾಜಕದ ಕಡೆಗೆ ಸದಾ ಬೀಸುವ ವಾಣಿಜ್ಯ ಮಾರುತಗಳ ಮತ್ತು ಮಾನ್ಸೂನ್ ಮಾರುತಗಳ ನಕ್ಷೆ ಬರೆದ. ಬಿಸಿಯಾದ ಗಾಳಿ ಮೇಲೇರುವುದು ಅವನಿಗೆ ಗೊತ್ತಿತ್ತು. ಆದರೆ ಸಮಭಾಜಕದ ಕಡೆಗೆ ಬರುವ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಯಾಕೆ ವಾಲುತ್ತದೆ ಅನ್ನುವುದಕ್ಕೆ ಅವನು ಕೊಟ್ಟ ಕಾರಣ ನಿಲ್ಲಲಿಲ್ಲ. 1735ರಲ್ಲಿ ಜಾರ್ಜ್ ಹ್ಯಾಡ್ಲಿ ಎಂಬ ವಕೀಲ ಅದಕ್ಕೆ ಭೂಮಿಯ ತಿರುಗುವಿಕೆಯನ್ನು ಸೇರಿಸಿದ. ಸಮಭಾಜಕದ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. 30 ಡಿಗ್ರಿ ಅಕ್ಷಾಂಶದ ನೆಲದ ವೇಗ ಸುಮಾರು 1,450. ಅಲ್ಲಿಂದ ಹೊರಟ ಗಾಳಿ ಸಮಭಾಜಕದ ಹತ್ತಿರ ಬರುವಷ್ಟರಲ್ಲಿ ಕೆಳಗಿನ ನೆಲಕ್ಕಿಂತ ಹಿಂದೆ ಬೀಳುತ್ತದೆ. ನೆಲದ ಮೇಲೆ ನಿಂತವರಿಗೆ ಅದು ಪೂರ್ವದಿಂದ ಬೀಸಿದಂತೆ ಕಾಣುತ್ತದೆ. ಹ್ಯಾಡ್ಲಿಯ ಗಣಿತ ಪೂರ್ತಿ ಸರಿಯಿರಲಿಲ್ಲ. ಅದನ್ನು ತಿದ್ದುವ ಗಣಿತ ಬಂದದ್ದು 1835ರಲ್ಲಿ, ಗ್ಯಾಸ್ಪಾರ್ಡ್ ಕೊರಿಯೊಲಿಸ್‌ನಿಂದ. ತಮಾಷೆ ಅಂದರೆ ಕೊರಿಯೊಲಿಸ್ ಯೋಚಿಸುತ್ತಿದ್ದದ್ದು ತಿರುಗುವ ಯಂತ್ರಗಳ ಬಗ್ಗೆ, ಗಾಳಿಯ ಬಗ್ಗೆ ಅಲ್ಲವೇ ಅಲ್ಲ.

ಸಮಭಾಜಕದಲ್ಲಿ ಮೇಲೇರಿದ ಗಾಳಿ ತಣ್ಣಗಾಗಿ ತನ್ನಲ್ಲಿದ್ದ ನೀರನ್ನೆಲ್ಲ ಅಲ್ಲೇ ಸುರಿಸುತ್ತದೆ. ಅಮೆಜಾನ್, ಕಾಂಗೋ, ಇಂಡೊನೇಷ್ಯಾದ ದಟ್ಟ ಕಾಡುಗಳು ಈ ಪಟ್ಟಿಯಲ್ಲಿವೆ. ನೀರು ಕಳೆದುಕೊಂಡ ಗಾಳಿ ಎತ್ತರದಲ್ಲಿ ಧ್ರುವಗಳ ಕಡೆ ಸಾಗಿ ಸುಮಾರು 30 ಡಿಗ್ರಿಯ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಅದುಮಿಕೊಂಡು ಬಿಸಿಯಾಗುತ್ತದೆ. ಬಿಸಿಯಾದ ಒಣ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಈಗ ಗೋಡೆಯ ನಕ್ಷೆಯ ಮೇಲೆ ಉತ್ತರದ 30 ಡಿಗ್ರಿಯ ಗುಂಟ ಬೆರಳು ಎಳೆಯಿರಿ. ಸಹಾರಾ, ಅರೇಬಿಯಾ, ಥಾರ್, ಮೆಕ್ಸಿಕೊದ ಸೊನೋರಾ. ದಕ್ಷಿಣದಲ್ಲೂ ಅಷ್ಟೇ: ಅಟಕಾಮಾ, ನಮೀಬ್, ಕಲಹರಿ, ಆಸ್ಟ್ರೇಲಿಯಾದ ಒಳನಾಡು. ಎಲ್ಲ ಹೆಚ್ಚುಕಡಿಮೆ ಅದೇ ಪಟ್ಟಿಯಲ್ಲಿ. ಮರುಭೂಮಿಗಳ ಹೆಸರು ಬಾಯಿಪಾಠ ಮಾಡುತ್ತಿದ್ದಾಗ ಅವು ಎಲ್ಲೆಲ್ಲೋ ಚೆಲ್ಲಿಕೊಂಡ ಹಾಗಿದ್ದವು. ಒಂದು ಕಾರಣ ಗೊತ್ತಾದ ಮೇಲೆ ಸಾಲಾಗಿ ನಿಂತವು. ಭೂಗೋಳ ಓದಿನಲ್ಲಿ ನನಗೆ ಇದರಷ್ಟು ಖುಷಿ ಕೊಟ್ಟ ಕ್ಷಣ ಇನ್ನೊಂದಿಲ್ಲ.

ಆದರೆ ಬೆರಳು ಅದೇ ಗೆರೆಯ ಮೇಲೆ ಫ್ಲೋರಿಡಾದ ಹತ್ತಿರ ಹೋದರೆ? ಆಗ್ನೇಯ ಚೀನಾಕ್ಕೆ ಹೋದರೆ? ಅಲ್ಲೆಲ್ಲ ಹಸಿರು. ನಿಯಮ ಮುರಿಯಿತಾ? ಇಲ್ಲ, ಇನ್ನೊಂದು ನಿಯಮ ಬಂದು ಸೇರಿಕೊಂಡಿತು. ಖಂಡಗಳ ಪೂರ್ವ ದಂಡೆಯ ಗುಂಟ ಬೆಚ್ಚಗಿನ ಸಾಗರ ಪ್ರವಾಹಗಳು ಹರಿಯುತ್ತವೆ, ಅಲ್ಲಿಂದ ಏಳುವ ಗಾಳಿ ತೇವ ಹೊತ್ತು ಬರುತ್ತದೆ. ಪಶ್ಚಿಮ ದಂಡೆಯಲ್ಲಿ ತಣ್ಣನೆಯ ಪ್ರವಾಹ. ತಣ್ಣಗಿನ ನೀರಿನ ಮೇಲಿನ ಗಾಳಿಗೆ ಏಳುವ ಶಕ್ತಿಯೇ ಇರುವುದಿಲ್ಲ. ಅಟಕಾಮಾ ಅಷ್ಟೊಂದು ಒಣಗಿರುವುದು ಒಂದು ಕಾರಣದಿಂದ ಅಲ್ಲ. ಮೇಲಿನಿಂದ ಇಳಿಯುವ ಒಣ ಗಾಳಿ, ಪಶ್ಚಿಮಕ್ಕೆ ತಣ್ಣಗಿನ ಹಂಬೋಲ್ಟ್ ಪ್ರವಾಹ, ಪೂರ್ವಕ್ಕೆ ಅಮೆಜಾನ್ ಕಡೆಯ ತೇವವನ್ನು ತಡೆದು ನಿಲ್ಲಿಸುವ ಆಂಡೀಸ್. ಮೂರೂ ಒಂದೇ ಜಾಗದಲ್ಲಿ ಕೂಡಿಬಂದಿವೆ. ಪುಸ್ತಕದಲ್ಲಿ ಮಾತ್ರ ಇವು ಮೂರು ಬೇರೆ ಅಧ್ಯಾಯಗಳು. ಗಾಳಿಯದು ಒಂದು, ಸಾಗರದ್ದು ಒಂದು, ಪರ್ವತದ್ದು ಇನ್ನೊಂದು. ಅಧ್ಯಾಯಗಳು ಪುಸ್ತಕ ಬರೆಯುವವರ ಅನುಕೂಲಕ್ಕೆ. ನೆಲಕ್ಕೆ ಅದರ ಪರಿವೆ ಇಲ್ಲ.

ಸಮುದ್ರದ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ ಗುಣ. ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಇಡೀ ವಾಯುಗೋಳ ಹಿಡಿದಿಡಬಲ್ಲಷ್ಟು ಶಾಖವನ್ನು ಸಾಗರದ ಮೇಲಿನ ಕೆಲವೇ ಮೀಟರ್ ನೀರು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ನೆಲ ಬೇಗ ಕಾದು ಸಮುದ್ರ ತಣ್ಣಗೇ ಉಳಿದಾಗ ಏಷ್ಯಾದ ಕಡೆ ಸಾಗರದಿಂದ ಗಾಳಿ ನುಗ್ಗುತ್ತದೆ. ಮುಂಗಾರಿನ ಮೂಲ ಇದು. ನಿಜವಾದ ಮುಂಗಾರು ಇದಕ್ಕಿಂತ ಬಹಳ ತೊಡಕಿನದು. ಟಿಬೆಟ್ ಪ್ರಸ್ಥಭೂಮಿ, ಹಿಮಾಲಯದ ಗೋಡೆ, ಎತ್ತರದಲ್ಲಿ ಹರಿಯುವ ಜೆಟ್ ಮಾರುತ ಎಲ್ಲವೂ ಅದರಲ್ಲಿ ಕೈಯಾಡಿಸುತ್ತವೆ. ಆದರೂ ಕಲಿಯಲು ಶುರು ಮಾಡುವವರಿಗೆ ನೆಲ ಮತ್ತು ನೀರಿನ ಬಿಸಿಯ ಅಂತರ ಒಳ್ಳೆಯ ಮೊದಲ ಮೆಟ್ಟಿಲು.

ಸಾಗರದ ಈ ಶಾಖದ ದಾಸ್ತಾನು ಎಷ್ಟು ಕೆಲಸ ಮಾಡುತ್ತದೆ ನೋಡಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ಮತ್ತು ಕೆನಡಾದ ಲ್ಯಾಬ್ರಡಾರ್ ಕರಾವಳಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಇಬ್ಬರಿಗೂ ಸಿಗುವ ಬಿಸಿಲಿನ ಓರೆ ಒಂದೇ. ಆದರೆ ಲ್ಯಾಬ್ರಡಾರ್ ಕರಾವಳಿಯಲ್ಲಿ ಚಳಿಗಾಲಕ್ಕೆ ಸಮುದ್ರವೇ ಹೆಪ್ಪುಗಟ್ಟುತ್ತದೆ. ಗ್ಲಾಸ್ಗೋದಲ್ಲಿ ಜನವರಿಯ ಸರಾಸರಿ ಉಷ್ಣತೆ ಶೂನ್ಯಕ್ಕಿಂತ ಮೇಲೆಯೇ ಇರುತ್ತದೆ. ಆ ಅಕ್ಷಾಂಶಗಳಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಗ್ಲಾಸ್ಗೋಗೆ ಅದು ಅಟ್ಲಾಂಟಿಕ್‌ನ ಬೆಚ್ಚಗಿನ ನೀರನ್ನು ದಾಟಿ ಬರುತ್ತದೆ, ಲ್ಯಾಬ್ರಡಾರಿಗೆ ಹೆಪ್ಪುಗಟ್ಟಿದ ಖಂಡವನ್ನು ದಾಟಿ ಬರುತ್ತದೆ.

ಆಳದ ಸಮುದ್ರದ ಗಡಿಯಾರವೇ ಬೇರೆ. ಗ್ರೀನ್‌ಲ್ಯಾಂಡ್ ಸುತ್ತ ಮತ್ತು ಅಂಟಾರ್ಕ್ಟಿಕಾದ ಅಂಚಿನಲ್ಲಿ ನೀರು ತಣ್ಣಗಾಗುತ್ತದೆ. ಸಮುದ್ರದ ನೀರು ಮಂಜುಗಡ್ಡೆ ಆಗುವಾಗ ಉಪ್ಪನ್ನು ಹೊರಗೆ ಬಿಡುವುದರಿಂದ ಸುತ್ತಲಿನ ನೀರು ಇನ್ನಷ್ಟು ಉಪ್ಪಾಗುತ್ತದೆ. ತಣ್ಣಗಿನ ಉಪ್ಪುನೀರು ಭಾರ. ಅದು ತಳಕ್ಕೆ ಇಳಿದು ಸಾಗರಗಳ ಅಡಿಯಲ್ಲೇ ಹರಿದು, ಮತ್ತೆ ಮೇಲೆ ಬರಲು ನೂರಾರು ವರ್ಷ, ಕೆಲವು ಕಡೆ ಸಾವಿರ ವರ್ಷಕ್ಕೂ ಜಾಸ್ತಿ ತೆಗೆದುಕೊಳ್ಳುತ್ತದೆ. ಗಾಳಿ ತನ್ನ ಏರುಪೇರನ್ನು ದಿನಗಳಲ್ಲಿ ಸರಿಮಾಡಿಕೊಂಡರೆ ಆಳದ ಸಮುದ್ರಕ್ಕೆ ಒಂದು ಸಾಮ್ರಾಜ್ಯ ಹುಟ್ಟಿ ಅಳಿಯುವಷ್ಟು ಕಾಲ ಬೇಕು.

ಜಲಚಕ್ರದ ಚಿತ್ರ ಎಲ್ಲರಿಗೂ ಗೊತ್ತು. ಸಮುದ್ರದಿಂದ ಒಂದು ಬಾಣ ಮೇಲಕ್ಕೆ, ಮೋಡದಿಂದ ಒಂದು ಬಾಣ ಕೆಳಕ್ಕೆ, ಬೆಟ್ಟದಿಂದ ಒಂದು ನದಿ. ಆ ಚಿತ್ರದ ಬಗ್ಗೆ ನನಗೆ ಒಂದು ತಕರಾರು ಇದೆ. ಬಾಣಗಳ ಪಕ್ಕ ಅಂಕಿಗಳಿಲ್ಲ. ವಾಯುಗೋಳದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಆವಿಯನ್ನೆಲ್ಲ ಒಮ್ಮೆಲೇ ಮಳೆಯಾಗಿ ಸುರಿಸಿದರೆ ಭೂಮಿಯ ಮೇಲೆಲ್ಲ ಸರಾಸರಿ ಸುಮಾರು 25 ಮಿಲಿಮೀಟರ್ ನೀರು ನಿಲ್ಲುತ್ತದೆ. ಆದರೆ ವರ್ಷಕ್ಕೆ ಬೀಳುವ ಸರಾಸರಿ ಮಳೆ 1,000 ಮಿಲಿಮೀಟರಿನ ಹತ್ತಿರ. ಅಂದರೆ ಆಕಾಶದ ದಾಸ್ತಾನು ವರ್ಷಕ್ಕೆ ಸುಮಾರು 40 ಸಲ ಖಾಲಿಯಾಗಿ ತುಂಬುತ್ತದೆ. ಒಂದು ಹನಿ ಆವಿಯಾಗಿ ಮೇಲೆ ಇರುವುದು ಸರಾಸರಿ ಒಂಬತ್ತು ದಿನ. ಅದೇ ಹನಿ ಸಾಗರ ಸೇರಿದರೆ ಸಾವಿರಾರು ವರ್ಷ ಅಲ್ಲೇ. ಈ ಭಾಗಾಕಾರ ಮಾಡಲು ಯಾರಿಗೂ ದೊಡ್ಡ ಗಣಿತ ಬೇಡ. ಚಿತ್ರ ಬರೆಸುವ ಬದಲು ಇದೊಂದು ಲೆಕ್ಕ ಮಾಡಿಸಿದರೆ ಮಕ್ಕಳಿಗೆ ಜಲಚಕ್ರ ನಿಜವಾಗಿ ತಿರುಗುತ್ತಿದೆ ಅನ್ನುವುದು ಗೊತ್ತಾಗುತ್ತದೆ ಅಂತ ನನ್ನ ಅನಿಸಿಕೆ.

ಭೂಮಿಯ ನೀರಿನಲ್ಲಿ ಸಿಹಿನೀರು ಸುಮಾರು 2.5 ಶೇಕಡಾ ಅಷ್ಟೇ. ಅದರಲ್ಲೂ ಮೂರನೇ ಎರಡು ಪಾಲಿಗಿಂತ ಜಾಸ್ತಿ ಹಿಮದಲ್ಲಿ ಬಂಧಿ, ಉಳಿದದ್ದರಲ್ಲಿ ಹೆಚ್ಚಿನದು ಅಂತರ್ಜಲ. ನಕ್ಷೆಯಲ್ಲಿ ನೀಲಿ ಗೆರೆಗಳಾಗಿ ಎದ್ದು ಕಾಣುವ ನದಿಗಳಲ್ಲಿ ಇರುವ ನೀರು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಆದರೂ ಬೆಟ್ಟ ಕಡಿದು ಸಮುದ್ರಕ್ಕೆ ಸಾಗಿಸುವ ದೊಡ್ಡ ಕೆಲಸ ಮಾಡುವುದು ಆ ಅಷ್ಟು ನೀರೇ. ಇಲ್ಲಿಂದ ಭೂಮಿಯ ಒಳಗಿನ ಕಥೆಗೆ ಹೋಗಬೇಕು. ಯಾಕೆಂದರೆ ನದಿಗಳು ಇಷ್ಟು ಕಾಲದಿಂದ ಕಡಿಯುತ್ತಿದ್ದರೂ ಬೆಟ್ಟಗಳು ಮುಗಿದಿಲ್ಲವಲ್ಲ, ಅವನ್ನು ಎತ್ತುವವರು ಯಾರು?

ಭೂಮಿಯ ಕೇಂದ್ರಕ್ಕೆ ಇಲ್ಲಿಂದ ಸುಮಾರು 6,371 ಕಿಲೋಮೀಟರ್. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿದೆ. 1970ರಲ್ಲಿ ಶುರುವಾಗಿ 1989ರಲ್ಲಿ 12,262 ಮೀಟರ್ ತಲುಪಿತು. ಖಂಡದ ಹೊರಪದರವನ್ನೂ ಪೂರ್ತಿ ದಾಟಲಿಲ್ಲ. ಹಾಗಾದರೆ ಒಳಗಿನದು ಗೊತ್ತಾದದ್ದು ಹೇಗೆ? ಭೂಕಂಪದ ಅಲೆಗಳಿಂದ. ಅವು ಬೇರೆ ಬೇರೆ ಪದರಗಳಲ್ಲಿ ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ, ಬಾಗುತ್ತವೆ, ಕೆಲವು ದ್ರವವನ್ನು ದಾಟುವುದೇ ಇಲ್ಲ. ಡೆನ್ಮಾರ್ಕಿನ ಇಂಗೆ ಲೆಹ್ಮನ್ 1936ರಲ್ಲಿ ಆ ಅಲೆಗಳ ದಾಖಲೆಗಳನ್ನು ನೋಡಿಯೇ ಭೂಮಿಯ ಒಳಕೇಂದ್ರವನ್ನು ಗುರುತಿಸಿದರು. ಯಾರೂ ಹೋಗದ, ಹೋಗಲಾಗದ ಜಾಗದ ಗಡಿಯನ್ನು ಕಾಗದದ ಮೇಲೆ ಹಿಡಿದದ್ದು.

ಒಳಗಿನ ಬಿಸಿ ಭೂಮಿ ಹುಟ್ಟಿದಾಗಿನ ಉಳಿಕೆ ಒಂದಿಷ್ಟು, ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಒಡೆಯುವುದರಿಂದ ಬರುವುದು ಒಂದಿಷ್ಟು. ನೆಲದಿಂದ ಹೊರಬೀಳುವ ಈ ಶಾಖ ಭೂಮಿ ಹೀರುವ ಸೂರ್ಯನ ಶಾಖದ ಎರಡು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅಷ್ಟು ಕಡಿಮೆ. ಆದರೆ ಅದು ಕೋಟ್ಯಂತರ ವರ್ಷ ಬಿಡದೆ ಕೆಲಸ ಮಾಡುತ್ತದೆ. ಖಂಡಗಳನ್ನೇ ಸರಿಸುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಾಲ ಕೆಳಗೆ ಲಾವಾದ ಸಮುದ್ರ ಇದೆ, ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳಾದ ಭೂಫಲಕಗಳು ಅದರ ಮೇಲೆ ತೇಲುತ್ತವೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಹಾಗಿಲ್ಲ. ಹೊರಪದರದ ಕೆಳಗಿರುವ ಮ್ಯಾಂಟಲ್ ಎಂಬ ಪದರ ಬಹುಪಾಲು ಘನವಾದ ಕಲ್ಲು. ಆದರೆ ಆ ಬಿಸಿಯಲ್ಲಿ, ಆ ಒತ್ತಡದಲ್ಲಿ, ಸಾಕಷ್ಟು ಕಾಲ ಕೊಟ್ಟರೆ ಘನ ಕಲ್ಲೂ ಹರಿಯುತ್ತದೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಸ್ವೀಡನ್ ಮತ್ತು ಫಿನ್‌ಲ್ಯಾಂಡ್ ನಡುವಿನ ಬೋತ್ನಿಯಾ ಕೊಲ್ಲಿಯನ್ನು ನೋಡಬೇಕು. ಹಿಮಯುಗದಲ್ಲಿ ಅಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಕೂತಿತ್ತು. ಅದರ ಭಾರಕ್ಕೆ ನೆಲ ಕುಸಿದಿತ್ತು, ಅಡಿಯ ಮ್ಯಾಂಟಲ್ ಪಕ್ಕಕ್ಕೆ ಸರಿದಿತ್ತು. ಹಿಮ ಕರಗಿ ಸುಮಾರು 10,000 ವರ್ಷ ಕಳೆದಿದೆ. ನೆಲ ಇನ್ನೂ ಏಳುತ್ತಿದೆ, ಕೊಲ್ಲಿಯ ಉತ್ತರ ಭಾಗದಲ್ಲಿ ವರ್ಷಕ್ಕೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್. ಅಲ್ಲಿ ಹಳೆಯ ಬಂದರುಗಳು ನೀರಿನಿಂದ ದೂರ ಉಳಿದುಬಿಟ್ಟಿವೆ. ಭಾರ ತೆಗೆದರೂ ಅದರ ಲೆಕ್ಕ ಮುಗಿಯಲು ಇಷ್ಟು ಕಾಲ.

ಖಂಡಗಳು ಚಲಿಸುತ್ತವೆ ಅಂತ 1912ರಲ್ಲಿ ಹೇಳಿದ ಆಲ್ಫ್ರೆಡ್ ವೆಗೆನರ್ ಭೂವಿಜ್ಞಾನಿಯೇ ಅಲ್ಲ, ಹವಾಮಾನ ವಿಜ್ಞಾನಿ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಅಂಚುಗಳು ಹೊಂದುವುದನ್ನು ಅವನಿಗಿಂತ ಮೊದಲೂ ಜನ ಗಮನಿಸಿದ್ದರು. ಅವನು ಅದರ ಜೊತೆಗೆ ಬೇರೆ ಸಾಕ್ಷಿಗಳನ್ನು ಕೂಡಿಸಿದ. ಮೆಸೊಸಾರಸ್ ಎಂಬ ಚಿಕ್ಕ ಸರೀಸೃಪದ ಪಳೆಯುಳಿಕೆ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಸಿಗುತ್ತದೆ. ಅಷ್ಟು ದೊಡ್ಡ ಸಾಗರ ಈಜುವ ಪ್ರಾಣಿ ಅದಲ್ಲ. ಗ್ಲಾಸೊಪ್ಟೆರಿಸ್ ಎಂಬ ಸಸ್ಯದ ಪಳೆಯುಳಿಕೆಗಳು ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಕಡೆ ಇವೆ. ಆದರೂ ವಿದ್ವಾಂಸರು ಒಪ್ಪಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ: ಖಂಡವನ್ನು ತಳ್ಳುವ ಬಲ ಯಾವುದು? ವೆಗೆನರ್ ಬಳಿ ಅದಕ್ಕೆ ಗಟ್ಟಿ ಉತ್ತರ ಇರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವನು ತೀರಿಕೊಂಡ.

ಆ ಪ್ರಶ್ನೆಗೆ ಉತ್ತರ ಇದ್ದದ್ದು ಸಮುದ್ರದ ತಳದಲ್ಲಿ. 1950ರ ದಶಕದಲ್ಲಿ ಅಮೆರಿಕದ ಮೇರಿ ಥಾರ್ಪ್ ಹಡಗುಗಳು ಪ್ರತಿಧ್ವನಿಯಿಂದ ಅಳೆದು ತಂದ ಆಳದ ಅಂಕಿಗಳನ್ನು ಕೈಯಿಂದಲೇ ನಕ್ಷೆಗೆ ಇಳಿಸುತ್ತಿದ್ದರು. ಹೆಂಗಸರನ್ನು ಆ ಹಡಗುಗಳಿಗೆ ಹತ್ತಿಸುತ್ತಿರಲಿಲ್ಲ. ಅಂಕಿಗಳು ಮೇಜಿಗೆ ಬರುತ್ತಿದ್ದವು. ಅಟ್ಲಾಂಟಿಕ್ ನಡುವಿನ ಪರ್ವತ ಸಾಲಿನ ನೆತ್ತಿಯಲ್ಲೇ ಉದ್ದಕ್ಕೂ ಒಂದು ಸೀಳು ಕಣಿವೆ ಇರುವುದು ಅವರ ಕಣ್ಣಿಗೆ ಬಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಬ್ರೂಸ್ ಹೀಜೆನ್ ಮೊದಲು ಅದನ್ನು ಹುಡುಗಿಯರ ಹರಟೆ ಅಂತ ತಳ್ಳಿಹಾಕಿದರು. ಆಮೇಲೆ ಭೂಕಂಪಗಳ ಕೇಂದ್ರಗಳನ್ನು ನಕ್ಷೆಯ ಮೇಲಿಟ್ಟು ನೋಡಿದಾಗ ಅವು ಸರಿಯಾಗಿ ಆ ಕಣಿವೆಯ ಗುಂಟ ಸಾಲುಗಟ್ಟಿದ್ದವು. ಹೊಸ ಸಾಗರತಳ ಅಲ್ಲಿ ಹುಟ್ಟುತ್ತಿದೆ, ಎರಡು ಬದಿಗೆ ಸರಿಯುತ್ತಿದೆ. ಬೇರೆ ಕಡೆ, ಆಳವಾದ ಕಂದಕಗಳಲ್ಲಿ, ಹಳೆಯ ತಳ ಒಳಗೆ ಮುಳುಗುತ್ತಿದೆ. ಭೂಮಿಗೆ ಸುಮಾರು 450 ಕೋಟಿ ವರ್ಷ ವಯಸ್ಸು. ಖಂಡಗಳಲ್ಲಿ 400 ಕೋಟಿ ವರ್ಷದ ಕಲ್ಲೂ ಸಿಕ್ಕಿದೆ. ಆದರೆ ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯದು ಸಿಗುವುದು ತೀರಾ ಅಪರೂಪ. ತಳ ಸದಾ ಹೊಸದಾಗುತ್ತಿರುತ್ತದೆ.

ಭೂಫಲಕಗಳ ವೇಗ ವರ್ಷಕ್ಕೆ ಕೆಲವು ಸೆಂಟಿಮೀಟರ್, ನಮ್ಮ ಉಗುರು ಬೆಳೆಯುವಷ್ಟು. ಹೀಗೆ ಸರಿಯುತ್ತಲೇ ಭಾರತದ ಫಲಕ ದಕ್ಷಿಣದಿಂದ ಬಂದು ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಗುದ್ದಿತು. ನಡುವೆ ಇದ್ದ ಸಮುದ್ರ ಮುಚ್ಚಿಹೋಯಿತು. ಅದರ ತಳದ ಕೆಸರು, ಚಿಪ್ಪು, ಕಲ್ಲು ಮಡಚಿಕೊಂಡು ಮೇಲೆದ್ದವು. 8,848.86 ಮೀಟರ್ ಎತ್ತರದ ಎವರೆಸ್ಟಿನ ತುದಿಯಲ್ಲಿ ಇರುವುದು ಸಮುದ್ರಜೀವಿಗಳ ಪಳೆಯುಳಿಕೆ ಇರುವ ಸುಣ್ಣಕಲ್ಲು. ಹಿಮಾಲಯ ಏಳುತ್ತಿದ್ದ ಹಾಗೆಯೇ ನೀರು ಅದನ್ನು ಕಡಿಯಲು ಶುರು ಮಾಡಿತು. ಗಂಗಾ ಮತ್ತು ಬ್ರಹ್ಮಪುತ್ರ ಇವತ್ತಿಗೂ ವರ್ಷಕ್ಕೆ ನೂರು ಕೋಟಿ ಟನ್ನಿನ ಆಸುಪಾಸು ಹೂಳು ಹೊತ್ತು ತರುತ್ತವೆ. ಅದು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿದೆ, ಶ್ರೀಲಂಕಾವನ್ನೂ ದಾಟಿ. ಹಿಮಾಲಯ ಎಷ್ಟು ದೊಡ್ಡದು ಅಂತ ಕೇಳಿದರೆ, ಕಣ್ಣಿಗೆ ಕಾಣುವುದರ ಜೊತೆಗೆ ಸಮುದ್ರದ ಅಡಿ ಮಲಗಿರುವುದನ್ನೂ ಸೇರಿಸಿ ಹೇಳಬೇಕು.

ಸುಣ್ಣಕಲ್ಲಿನ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಮಳೆಹನಿ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗಿ ಬೀಳುತ್ತದೆ. ಆ ಹುಳಿ ಬೆಟ್ಟದ ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಕರಗಿದ್ದು ನದಿಯಲ್ಲಿ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುತ್ತವೆ, ಸತ್ತು ತಳ ಸೇರುತ್ತವೆ, ಸುಣ್ಣಕಲ್ಲಾಗುತ್ತವೆ. ಸಾಗರತಳ ಕಂದಕದಲ್ಲಿ ಮುಳುಗಿದಾಗ ಒಂದಿಷ್ಟು ಕಾರ್ಬನ್ ಜ್ವಾಲಾಮುಖಿಗಳ ಬಾಯಿಂದ ಮತ್ತೆ ಗಾಳಿಗೆ ಬರುತ್ತದೆ. ಭೂಮಿ ಬಿಸಿಯಾದರೆ ಮಳೆ ಹೆಚ್ಚುತ್ತದೆ, ಕಲ್ಲು ಬೇಗ ಕರಗುತ್ತದೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಭೂಮಿ ತಣಿಯುತ್ತದೆ. ತಣಿದರೆ ಉಲ್ಟಾ. ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಅಂತ ನಾಲ್ಕು ಕಡೆ ಹಂಚಿದ್ದೆಲ್ಲ ಇಲ್ಲಿ ಒಂದೇ ಸುತ್ತಿನಲ್ಲಿ ಬಂದುಹೋಗುತ್ತದೆ. ಈ ಸುತ್ತು ಬಹಳ ನಿಧಾನದ್ದು, ಲಕ್ಷಾಂತರ ವರ್ಷಗಳ ಲೆಕ್ಕ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಕಲ್ಲು ಕರಗುವ ಗಡಿಯಾರಕ್ಕೆ ಅಷ್ಟು ಬೇಗ ಓಡಲು ಬರುವುದಿಲ್ಲ. ಹವಾಮಾನ ಬದಲಾವಣೆಯ ಚರ್ಚೆಗಳಲ್ಲಿ ‘ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ’ ಅನ್ನುವ ಮಾತು ಕೇಳಿದಾಗ ನಾನು ಕೇಳುವುದು ಒಂದೇ. ಸರಿ, ಎಷ್ಟು ವರ್ಷದಲ್ಲಿ?

ಇನ್ನೊಂದು ಕೊಂಡಿ ನನಗೆ ಬಹಳ ಇಷ್ಟ. ಆಫ್ರಿಕಾದ ಚಾಡ್ ದೇಶದಲ್ಲಿ, ಸಹಾರಾದೊಳಗೆ, ಬೊಡೆಲೆ ಅಂತ ಒಂದು ತಗ್ಗು ಇದೆ. ಒಂದು ಕಾಲದಲ್ಲಿ ದೊಡ್ಡ ಕೆರೆಯ ತಳ, ಈಗ ಒಣ ಧೂಳು. ಎರಡು ಬೆಟ್ಟಸಾಲುಗಳ ನಡುವಿನಿಂದ ನುಗ್ಗುವ ಗಾಳಿ ಆ ಧೂಳನ್ನು ಎಬ್ಬಿಸುತ್ತದೆ. ಸಹಾರಾದ ಧೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಕಾಡಿನ ಮೇಲೆ ಉದುರುತ್ತದೆ. ಅದರ ಜೊತೆ ವರ್ಷಕ್ಕೆ ಸುಮಾರು 22,000 ಟನ್ ರಂಜಕ (ಫಾಸ್ಫರಸ್) ಬೀಳುತ್ತದೆ ಅಂತ ಉಪಗ್ರಹದ ಅಳತೆಗಳಿಂದ ಲೆಕ್ಕ ಹಾಕಿದ್ದಾರೆ. ಅಮೆಜಾನಿನ ಮಣ್ಣಿನ ರಂಜಕವನ್ನು ಮಳೆ ತೊಳೆದುಕೊಂಡು ಹೋಗುತ್ತಿರುತ್ತದೆ, ಹಾಗಾಗಿ ಆ ಕಾಡಿಗೆ ಈ ಧೂಳು ಬೇಕು. ಒಂದು ಮರುಭೂಮಿ ಒಂದು ಮಳೆಕಾಡಿಗೆ ಗೊಬ್ಬರ ಹಾಕುತ್ತಿದೆ, ನಡುವೆ ಒಂದು ಸಾಗರ ಇಟ್ಟುಕೊಂಡು.

ಇದನ್ನೆಲ್ಲ ಕಲಿಯಲು ಬೇಕಾದದ್ದು ಬಹಳ ಕಡಿಮೆ. ಒಂದು ಒಳ್ಳೆಯ ಪ್ರಾಕೃತಿಕ ನಕ್ಷೆ, ಒಂದು ಗೋಳ. ಗೋಳ ಯಾಕೆ ಅಂದರೆ ಚಪ್ಪಟೆ ನಕ್ಷೆ ಏನಾದರೂ ಒಂದು ಸುಳ್ಳು ಹೇಳಲೇಬೇಕು. ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಹಾಗೆಯೇ ಪ್ರಾಕೃತಿಕ ನಕ್ಷೆಯ ಹಸಿರು ಬಣ್ಣ ಕಾಡನ್ನು ಹೇಳುವುದಿಲ್ಲ, ತಗ್ಗು ನೆಲವನ್ನು ಹೇಳುತ್ತದೆ. ಸಹಾರಾದ ತಗ್ಗು ಭಾಗಗಳೂ ಅದರಲ್ಲಿ ಹಸಿರಾಗಿಯೇ ಇರುತ್ತವೆ. ಇನ್ನು ಹವಾಮಾನ ಇಲಾಖೆಗಳು ದಿನಾ ಬಿಡುವ ಸಮಭಾರ ರೇಖೆಗಳ ನಕ್ಷೆ, ಅಂದರೆ ಗಾಳಿಯ ಒತ್ತಡ ಒಂದೇ ಇರುವ ಜಾಗಗಳನ್ನು ಜೋಡಿಸುವ ಗೆರೆಗಳದ್ದು. ಗೆರೆಗಳು ಒತ್ತೊತ್ತಾಗಿದ್ದ ಕಡೆ ಗಾಳಿ ಜೋರು. ಇಷ್ಟು ಗೊತ್ತಿದ್ದರೆ ಸಾಕು, ನೋಡುತ್ತಾ ನೋಡುತ್ತಾ ಕಣ್ಣು ಪಳಗುತ್ತದೆ. ಯಾವುದಾದರೂ ಜಾಗದ ಹವಾಮಾನದ ಪಟ್ಟಿಯನ್ನು ಮುಚ್ಚಿಟ್ಟು, ಬರೀ ನಕ್ಷೆ ನೋಡಿ ಅಲ್ಲಿ ಮಳೆ ಯಾವಾಗ, ಎಷ್ಟು ಅಂತ ಊಹಿಸುವ ಆಟ ಆಡಿ. ಊಹೆ ತಪ್ಪಿದಲ್ಲೇ ಜಾಸ್ತಿ ಕಲಿಯಲು ಸಿಗುತ್ತದೆ, ಯಾಕೆಂದರೆ ನೀವು ಬಿಟ್ಟ ಕೊಂಡಿ ಅಲ್ಲೇ ಇರುತ್ತದೆ.

ಈ ಆಟದ ದೊಡ್ಡ ಆವೃತ್ತಿಯನ್ನು ವಿಜ್ಞಾನಿಗಳೂ ಆಡಿದ್ದಾರೆ. ಭೂಮಿ ಉಲ್ಟಾ ತಿರುಗಿದರೆ ಏನಾಗುತ್ತದೆ? ಖಂಡಗಳು ಅಲ್ಲೇ, ಸೂರ್ಯ ಅಷ್ಟೇ ದೂರ, ತಿರುಗುವ ದಿಕ್ಕು ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ. ಇಲ್ಲಿಯವರೆಗೆ ಓದಿದವರು ಒಂದು ನಿಮಿಷ ಯೋಚಿಸಿ. ವಾಣಿಜ್ಯ ಮಾರುತಗಳು ಆಗ ಪಶ್ಚಿಮದಿಂದ ಬೀಸುತ್ತವೆ. ತಣ್ಣನೆಯ ಪ್ರವಾಹ ಖಂಡಗಳ ಯಾವ ದಂಡೆಗೆ ಹೋಗುತ್ತದೆ? ಗ್ಲಾಸ್ಗೋಗೆ ಬರುವ ಗಾಳಿ ಯಾವುದನ್ನು ದಾಟಿ ಬರುತ್ತದೆ? ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆಯವರು 2018ರಲ್ಲಿ ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ಓಡಿಸಿ ನೋಡಿದರು. ಪಶ್ಚಿಮ ಯುರೋಪ್ ಚಳಿಯಲ್ಲಿ ಸಿಕ್ಕಿಕೊಂಡಿತು. ಅಟ್ಲಾಂಟಿಕ್‌ನಲ್ಲಿ ತಳಕ್ಕಿಳಿಯುತ್ತಿದ್ದ ನೀರು ಪೆಸಿಫಿಕ್‌ನಲ್ಲಿ ಇಳಿಯತೊಡಗಿತು. ಅಮೆರಿಕದ ಆಗ್ನೇಯ ಭಾಗ, ದಕ್ಷಿಣ ಬ್ರೆಜಿಲ್, ಅರ್ಜೆಂಟೀನಾ ಮರುಭೂಮಿಯಾದವು. ಸಹಾರಾ ಮತ್ತು ಅರೇಬಿಯಾ ಹಸಿರಾದವು. ಬೊಡೆಲೆಯ ಧೂಳಿನ ಗತಿ ಏನು, ಅಮೆಜಾನಿಗೆ ರಂಜಕ ಎಲ್ಲಿಂದ ಅನ್ನುವುದನ್ನು ನಾನು ಇನ್ನೂ ನಕ್ಷೆ ಮುಂದಿಟ್ಟುಕೊಂಡು ಬಿಡಿಸುತ್ತಿದ್ದೇನೆ. ನಿಮಗೆ ಹೊಳೆದದ್ದನ್ನು ಬರೆದು ಕಳಿಸಿ.